ಟೀಯಿಂದ ಚೆಂಡು ಅತಿ ಎತ್ತರಕ್ಕೆ ಹಾರುತ್ತಿದ್ದರೆ: ಕಾರಣ ಹುಡುಕುವ, ತಿದ್ದುವ ಕ್ರಮ

ಟೀ ಎಂಬ ಸಣ್ಣ ಗೂಟದ ಮೇಲೆ ಚೆಂಡನ್ನಿಟ್ಟು, ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನಿಂದ ಹೊಡೆಯುವ ಮೊದಲ ಹೊಡೆತವನ್ನು ಗಾಲ್ಫ್‌ನಲ್ಲಿ ಡ್ರೈವ್ ಎನ್ನುತ್ತಾರೆ. ಈ ಹೊಡೆತದಲ್ಲಿ ಚೆಂಡು ಮುಂದೆ ಸಾಗುವ ಬದಲು ಮೇಲಕ್ಕೇ ಏರಿ, ಬಿದ್ದಲ್ಲೇ ನಿಂತುಬಿಡುವುದು ಹವ್ಯಾಸಿ ಆಟಗಾರರನ್ನು ಬಹುವಾಗಿ ಕಾಡುವ ದೋಷ. ಇದಕ್ಕೆ ಹೆಚ್ಚಿನವರು ಥಟ್ಟನೆ ಕಂಡುಕೊಳ್ಳುವ ಉಪಾಯವೆಂದರೆ ಟೀಯನ್ನು ಇನ್ನಷ್ಟು ಆಳಕ್ಕೆ ಚುಚ್ಚುವುದು, ಇಲ್ಲವೇ ಲಾಫ್ಟ್ ಕಡಿಮೆಯಿರುವ ಹೊಸ ಡ್ರೈವರ್ ಕೊಳ್ಳುವುದು. ಲಾಫ್ಟ್ ಎಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ. ಡ್ರೈವರ್‌ಗಳಲ್ಲಿ ಅದು ಸಾಮಾನ್ಯವಾಗಿ 8ರಿಂದ 12 ಡಿಗ್ರಿಯಷ್ಟಿರುತ್ತದೆ. ಆದರೆ ಎತ್ತರದ ಹಾರಾಟಕ್ಕೆ ಕಾರಣ ಒಂದೇ ಅಲ್ಲವಾದ್ದರಿಂದ, ಟೀ ತಗ್ಗಿಸಿದಾಗ ಎಷ್ಟೋ ಸಲ ದೋಷ ಹೆಚ್ಚುತ್ತದೆ, ಹೊಸ ಡ್ರೈವರ್ ಅದನ್ನು ಮರೆಮಾಚುತ್ತದೆಯೇ ಹೊರತು ನಿವಾರಿಸುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಏನನ್ನೂ ಬದಲಿಸದೆ ಹಾರಾಟದ ಆಕಾರವನ್ನು ಗಮನಿಸುವುದು. ಚೆಂಡು ಹೊರಡುತ್ತಲೇ ಆಕಾಶಕ್ಕೆ ನೆಗೆದು ಹತ್ತಿರದಲ್ಲೇ ಬಿದ್ದರೆ ಅದು ಒಂದು ಬಗೆ. ತಕ್ಕಮಟ್ಟಿಗೆ ತಗ್ಗಾಗಿಯೇ ಹೊರಟು, ನಡುದಾರಿಯಲ್ಲಿ ಮೇಲೇರುತ್ತ ಹೋಗಿ ಕೊನೆಗೆ ನೆಟ್ಟಗೆ ಕೆಳಗಿಳಿದರೆ ಅದು ಎರಡನೆಯ ಬಗೆ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಎತ್ತರದ ಕಮಾನಿನಲ್ಲಿ ಸಾಗಿದರೆ ಮೂರನೆಯದು. ಹೊಡೆಯುವವರ ಕಣ್ಣಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣದಿರುವುದರಿಂದ, ಪಕ್ಕದಲ್ಲಿ ನಿಂತು ನೋಡುವಂತೆ ಕ್ಯಾಡಿಯನ್ನೋ ಜೊತೆಗಾರರನ್ನೋ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ, ಚೆಂಡು ಕ್ಲಬ್ಬಿನ ಮುಖದಲ್ಲಿ ಎಲ್ಲಿ ತಾಗುತ್ತಿದೆಯೆಂದು ತಿಳಿಯುವುದು. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಮೇಲೆ ದಪ್ಪನೆಯ ಚುಕ್ಕೆಯಿಟ್ಟು, ಆ ಚುಕ್ಕೆ ಕ್ಲಬ್ಬಿಗೆ ಎದುರಾಗುವಂತೆ ಟೀ ಮೇಲಿರಿಸಿ ಹೊಡೆದರೆ, ಮುಖದ ಮೇಲೆ ಅದರ ಗುರುತು ಮೂಡುತ್ತದೆ. ಪ್ರತಿ ಹೊಡೆತದ ನಂತರ ಗುರುತನ್ನು ನೋಡಿಕೊಂಡು, ಒರೆಸಿ, ಮತ್ತೆ ಹೊಡೆಯಬೇಕು. ಒಂದೇ ಹೊಡೆತದಿಂದ ತೀರ್ಮಾನಕ್ಕೆ ಬರಬಾರದು. ಟೀಯ ಎತ್ತರ ಪ್ರತಿ ಸಲವೂ ಒಂದೇ ಆಗಿರದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲವಾದ್ದರಿಂದ, ಡ್ರೈವರನ್ನು ನೆಲಕ್ಕೆ ಊರಿದಾಗ ಅರ್ಧ ಚೆಂಡು ಅದರ ಮೇಲಂಚಿನಿಂದ ಮೇಲೆ ಕಾಣುವಷ್ಟು ಎತ್ತರವನ್ನು ಗೊತ್ತುಮಾಡಿಕೊಂಡು, ನೆಲದ ಮಟ್ಟಕ್ಕೆ ಸರಿಯಾಗಿ ಟೀಯ ಸುತ್ತ ಪೆನ್ನಿನಿಂದ ಗೆರೆ ಎಳೆದಿಟ್ಟುಕೊಳ್ಳಬೇಕು. ಮುಂದಿನ ಎಡ-ಬಲದ ಸೂಚನೆಗಳು ಬಲಗೈ ಆಟಗಾರರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಗುರುತು ಮುಖದ ಮೇಲಂಚಿನಲ್ಲಿದ್ದು, ಡ್ರೈವರ್‌ನ ನೆತ್ತಿಯ ಬಣ್ಣದ ಮೇಲೂ ಬಿಳಿಯ ಗೀಚುಗಳು ಬಿದ್ದಿದ್ದರೆ, ಅದು ಆಕಾಶಕ್ಕೆ ನೆಗೆಯುವ ಮೊದಲ ಬಗೆ. ಭುಜ ಮುಂದಕ್ಕೆ ನುಗ್ಗಿ ಅಥವಾ ಇಡೀ ಮೈ ಗುರಿಯ ಕಡೆಗೆ ಜರುಗಿ, ಕ್ಲಬ್ಬು ಕಡಿದಾಗಿ ಕೆಳಗಿಳಿದು ಚೆಂಡಿನ ಅಡಿಗೆ ನುಸುಳುವುದೇ ಇದಕ್ಕೆ ಕಾರಣ. ತಿದ್ದುವುದಕ್ಕೆ ಚೆಂಡನ್ನು ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ ಇಟ್ಟು, ಬಲಭುಜ ಎಡಭುಜಕ್ಕಿಂತ ತುಸು ತಗ್ಗಿರುವಂತೆ ಬೆನ್ನನ್ನು ಗುರಿಯಿಂದ ಹಿಂದಕ್ಕೆ ವಾಲಿಸಿ ನಿಲ್ಲಬೇಕು. ಅನಂತರ ಚೆಂಡುಗಳ ಖಾಲಿ ರಟ್ಟಿನ ಡಬ್ಬಿಯೊಂದನ್ನು ಟೀಯಿಂದ ಸುಮಾರು ಒಂದು ಅಡಿ ಮುಂದೆ, ಗುರಿಯ ನೇರದಲ್ಲಿ ಮಲಗಿಸಿಟ್ಟು, ಕ್ಲಬ್ಬು ಅದಕ್ಕೆ ತಗಲದೆ ಅದರ ಮೇಲಿಂದ ಹಾಯುವಂತೆ ನಿಧಾನವಾಗಿ ಹೊಡೆದು ಅಭ್ಯಾಸ ಮಾಡಬೇಕು. ಇಲ್ಲಿ ಟೀ ತಗ್ಗಿಸಿದರೆ ನೆತ್ತಿಯ ಗೀಚು ನಿಂತೀತು. ಆದರೆ ಅದೇ ಕಡಿದಾದ ಇಳಿತದಲ್ಲಿ ಚೆಂಡು ಮುಖದ ಕೆಳಭಾಗಕ್ಕೆ ತಾಗತೊಡಗಿ, ಆಟಗಾರ ಮೊದಲ ಬಗೆಯಿಂದ ಎರಡನೆಯ ಬಗೆಗೆ ದಾಟುತ್ತಾನೆ.

ಈ ಎರಡನೆಯ ಬಗೆಯೇ ಹೆಚ್ಚು ಮೋಸಗೊಳಿಸುವಂಥದ್ದು, ಏಕೆಂದರೆ ಇಲ್ಲಿ ಚೆಂಡನ್ನು ಮೇಲೇರಿಸುವುದು ಅದು ಹೊರಡುವ ಕೋನವಲ್ಲ, ಅದರ ಹಿಮ್ಮುಖ ಸ್ಪಿನ್, ಅಂದರೆ ಮುಂದೆ ಸಾಗುತ್ತಲೇ ಹಿಂದಕ್ಕೆ ಉರುಳುವಂಥ ತಿರುಗುವಿಕೆ. ಹಾಗೆ ತಿರುಗುವ ಚೆಂಡನ್ನು ಗಾಳಿ ಮೇಲಕ್ಕೆತ್ತುತ್ತದೆಯೆಂಬುದನ್ನು 1890ರ ದಶಕದಲ್ಲೇ ಗಣಿತದ ಮೂಲಕ ವಿವರಿಸಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್. ಅವರ ಮಗ ಫ್ರೆಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್ ಆಗಿದ್ದರು. ಹೊಡೆತದ ಕ್ಷಣದಲ್ಲಿ ಕ್ಲಬ್ಬು ಎಷ್ಟು ಕೆಳಮುಖವಾಗಿ ಅಥವಾ ಮೇಲ್ಮುಖವಾಗಿ ಚಲಿಸುತ್ತಿದೆಯೆಂಬುದಕ್ಕೆ ಅಟ್ಯಾಕ್ ಆಂಗಲ್ ಎಂದೂ, ಆ ಕ್ಷಣದಲ್ಲಿ ಮುಖ ನಿಜವಾಗಿ ಎಷ್ಟು ವಾಲಿದೆಯೆಂಬುದಕ್ಕೆ ಡೈನಾಮಿಕ್ ಲಾಫ್ಟ್ ಎಂದೂ ಹೆಸರು. ಇವೆರಡರ ನಡುವಣ ಅಂತರ ಹೆಚ್ಚಿದಷ್ಟೂ ಸ್ಪಿನ್ ಹೆಚ್ಚುತ್ತದೆ. ಡೈನಾಮಿಕ್ ಲಾಫ್ಟ್ 14 ಡಿಗ್ರಿಯಿದ್ದು ಕ್ಲಬ್ಬು 5 ಡಿಗ್ರಿ ಕೆಳಮುಖವಾಗಿ ಬಂದರೆ ಅಂತರ 19, ಅದೇ ಲಾಫ್ಟ್‌ನಲ್ಲಿ 2 ಡಿಗ್ರಿ ಮೇಲ್ಮುಖವಾಗಿ ಬಂದರೆ ಅಂತರ 12 ಮಾತ್ರ. ಹೊರಡುವ ಕೋನ ಬಹುಪಾಲು ಡೈನಾಮಿಕ್ ಲಾಫ್ಟನ್ನೇ ಅನುಸರಿಸುವುದರಿಂದ ಎರಡೂ ಚೆಂಡುಗಳು 11–12 ಡಿಗ್ರಿಯ ಆಸುಪಾಸಿನಲ್ಲೇ ಹೊರಡುತ್ತವೆ, ಆದರೆ ಮೊದಲನೆಯದು ಮೇಲೇರಿ ಬಳಲುತ್ತದೆ, ಎರಡನೆಯದು ಮುಂದೆ ಸಾಗುತ್ತದೆ.

ತಾಗುವ ಜಾಗದ ಪಾತ್ರವೂ ಇಲ್ಲಿ ದೊಡ್ಡದು. ಕ್ಲಬ್ಬಿನ ತಲೆಯ ಗುರುತ್ವ ಕೇಂದ್ರಕ್ಕಿಂತ ಕೆಳಗೆ ಚೆಂಡು ತಾಗಿದಾಗ ತಲೆ ಮುಂದಕ್ಕೆ ಬಾಗುತ್ತದೆ, ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳಂತೆ ಚೆಂಡು ಅದರ ವಿರುದ್ಧ ದಿಕ್ಕಿಗೆ ತಿರುಗಿ ಸ್ಪಿನ್ ಇನ್ನಷ್ಟು ಏರುತ್ತದೆ. ಆದ್ದರಿಂದ ಗುರುತು ಮುಖದ ಕೆಳಭಾಗದಲ್ಲಿ ಬೀಳುತ್ತಿದ್ದರೆ, ಮೇಲ್ನೋಟಕ್ಕೆ ವಿರೋಧವೆನಿಸಿದರೂ, ಟೀಯನ್ನು ಕಾಲಿಂಚಿನಷ್ಟು ಎತ್ತರಿಸಬೇಕು. ಡಬ್ಬಿಯ ಅಭ್ಯಾಸ ಇಲ್ಲಿಯೂ ಸಲ್ಲುತ್ತದೆ. ಗುರುತು ನಡುಮಧ್ಯಕ್ಕಿಂತ ಒಂದಿಷ್ಟು ಮೇಲಕ್ಕೆ ಬರುವುದೇ ಗುರಿ.

ಮೂರನೆಯ ಬಗೆಯಲ್ಲಿ ಗುರುತು ಸಾಮಾನ್ಯವಾಗಿ ಸರಿಯಾದ ಜಾಗದಲ್ಲೇ ಇರುತ್ತದೆ. ಚೆಂಡನ್ನು ತಾನೇ ಮೇಲಕ್ಕೆತ್ತಬೇಕೆಂಬ ಆತುರದಲ್ಲಿ ಆಟಗಾರ ಬಲಗಾಲಿನ ಮೇಲೆಯೇ ಭಾರ ಉಳಿಸಿಕೊಂಡು, ಮಣಿಕಟ್ಟುಗಳನ್ನು ಬೇಗನೆ ಚಿಮ್ಮಿಸಿ, ಮುಖಕ್ಕೆ ಇಲ್ಲದ ಲಾಫ್ಟ್ ಸೇರಿಸುತ್ತಾನೆ. ಚೆಂಡನ್ನು ಒಂದು ಚೆಂಡಿನಗಲದಷ್ಟು ಹಿಂದಕ್ಕೆ ಸರಿಸಿ, ಸೊಂಟದೆತ್ತರದ ಅರ್ಧ ಹೊಡೆತಗಳನ್ನು ಹೊಡೆದು, ಪ್ರತಿ ಸಲವೂ ಬಲ ಹಿಮ್ಮಡಿ ಎದ್ದು ಭಾರವೆಲ್ಲ ಎಡಗಾಲಿಗೆ ಬಂದಿದೆಯೇ ಎಂದು ನಿಂತು ನೋಡಿಕೊಳ್ಳಬೇಕು. ಎತ್ತರದ ಜೊತೆಗೆ ಚೆಂಡು ಬಲಕ್ಕೂ ಬಾಗುತ್ತಿದ್ದರೆ ಮುಖ ತೆರೆದುಕೊಂಡಿದೆಯೆಂದೇ ಅರ್ಥ. ಆಗ ಎಡಗೈ ಹಿಡಿತವನ್ನು ತುಸು ಬಲಕ್ಕೆ ತಿರುಗಿಸುವುದು ಮೊದಲ ಮದ್ದು.

ಇಷ್ಟೆಲ್ಲ ಮಾಡಿದ ಮೇಲೂ ಎತ್ತರ ಇಳಿಯದಿದ್ದಾಗ ಮಾತ್ರ ಸಲಕರಣೆಯತ್ತ ಕೈಹಾಕಬೇಕು. ಲಾಫ್ಟ್ ಬದಲಿಸಬಲ್ಲ ಡ್ರೈವರ್‌ಗಳಲ್ಲಿ ಲಾಫ್ಟ್ ಇಳಿಸಿದಾಗ ಮುಖ ತುಸು ತೆರೆದುಕೊಳ್ಳುವುದರಿಂದ, ಈಗಾಗಲೇ ಚೆಂಡು ಬಲಕ್ಕೆ ಹೋಗುತ್ತಿರುವವರಿಗೆ ಅದು ಒಗ್ಗದು. ಜರುಗಿಸಬಲ್ಲ ತೂಕವಿದ್ದರೆ ಅದನ್ನು ಮುಖದ ಹತ್ತಿರಕ್ಕೆ ತಂದು ಸ್ಪಿನ್ ಇಳಿಸುವುದು ಅದಕ್ಕಿಂತ ಮೇಲು. ಈ ಬದಲಾವಣೆಗಳನ್ನು ಡ್ರೈವಿಂಗ್ ರೇಂಜಿನಲ್ಲೇ ಮುಗಿಸಿಕೊಳ್ಳಬೇಕು, ಏಕೆಂದರೆ ಸುತ್ತಿನ ನಡುವೆ ಹೀಗೆ ಬದಲಿಸಿದ ಕ್ಲಬ್ಬಿನಿಂದ ಹೊಡೆಯುವುದನ್ನು ಆಟದ ನಿಯಮ ನಿಷೇಧಿಸುತ್ತದೆ.

ಅಂಗಳದಲ್ಲಿ ಕೈಯಲ್ಲುಳಿಯುವುದು ಹೊಡೆತದ ರೀತಿ ಮಾತ್ರ. ಆಷಾಢದ ಪಡುವಣ ಗಾಳಿಗೆ ಎದುರಾಗಿ ಬೆಂಗಳೂರಿನಲ್ಲಿ ಆಡುವವರು, ಗಾಳಿಯನ್ನು ಸೀಳಬೇಕೆಂದು ಬಿರುಸಾಗಿ ಬೀಸಿದರೆ ಸ್ಪಿನ್ ಹೆಚ್ಚಿ, ಎದುರುಗಾಳಿ ಚೆಂಡನ್ನು ಇನ್ನೂ ಎತ್ತಿಬಿಡುತ್ತದೆ. ಟೀಯ ಗೆರೆಯನ್ನು ಬದಲಿಸದೆ, ಕ್ಲಬ್ಬನ್ನು ಒಂದು ಇಂಚು ಕೆಳಗೆ ಹಿಡಿದು, ಮುಕ್ಕಾಲು ವೇಗದಲ್ಲಿ ಹೊಡೆದು, ಕೊನೆಯವರೆಗೂ ಎಡಗಾಲಿನ ಮೇಲೆ ಸಮತೋಲದಲ್ಲಿ ನಿಲ್ಲುವುದು ಇಂಥ ದಿನಕ್ಕೆ ಸರಿಯಾದ ಕ್ರಮ.