ತೋಟದ ಹಳೇ ಜೀಪು: ಮಳೆ ಹಿಡಿಯುವ ಮುಂಚೆ ಒಂದು ದಿನ ಕೊಡಿ

ಮಲೆನಾಡು, ಕೊಡಗಿನ ತೋಟಗಳಲ್ಲಿ ಹಳೇ ಮಹೀಂದ್ರ ಜೀಪು ಅಂದ್ರೆ ಮನೆಯ ಎತ್ತಿನ ಜೋಡಿ ಇದ್ದಂಗೆ. ಗೊಬ್ಬರ, ಅಡಿಕೆ ಮೂಟೆ, ಸ್ಪ್ರೇಯರ್, ಕೆಲಸದವರು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲಕ್ಕೂ ಅದೇ. ಎಂಜಿನ್ ಸ್ಟಾರ್ಟ್ ಆದ್ರೆ ಗಾಡಿ ಸರಿ ಇದೆ ಅಂತ ಅಂದುಕೊಳ್ತೇವೆ. ನಾವು ತಪ್ಪೋದು ಅಲ್ಲೇ.

ನನ್ನದೇ ಅನುಭವ ಹೇಳ್ತೇನೆ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಯ್ತು. ಮೊದಲನೇ ಗೇರಿನಲ್ಲಿ ಇದ್ದೆ, ಹಾಗಾಗಿ ಧರೆಗೆ ಒರಗಿಸಿ ನಿಲ್ಲಿಸಲು ಆಯ್ತು. ಹಿಂದೆ ಇಬ್ಬರು ಕೂತಿದ್ದರು; ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಹಿಂದಿನ ಒಂದು ವೀಲ್ ಸಿಲಿಂಡರ್ ಸೋರುತ್ತಿತ್ತು. ಟಯರಿನ ಒಳಬದಿ ಕೆಲವು ದಿನದಿಂದ ಒದ್ದೆ ಇದ್ದುದನ್ನು ನೋಡಿಯೂ ಮಳೆನೀರು ಅಂತ ಸುಮ್ಮನಿದ್ದೆ. ಅದೇ ಬೇಸಿಗೆಯಲ್ಲಿ ಎಂಜಿನ್ನಿಗೆ, ಪೇಂಟಿಗೆ ದುಡ್ಡು ಹಾಕಿದ್ದೆ. ಆವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಗಾಡಿ ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಆಮೇಲೆ ಎಳೆಯಬೇಕು. ಚಂದ ಕಾಣೋದು ಕೊನೆಗೆ.

1. ನಿಲ್ಲುವುದು

ಹಳೇ ಜೀಪುಗಳಲ್ಲಿ ಹಲವಕ್ಕೆ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕ್ ಹೋಗ್ತದೆ. ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರಿದರೆ ಎಲ್ಲೋ ಸೋರ್ತಾ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ. ಎರಡು ಮೂರು ಸಲ ಒತ್ತಿದ ಮೇಲೆ ಮಾತ್ರ ಬ್ರೇಕ್ ಸಿಗ್ತದೆ ಅಂದ್ರೆ ಶೂ ಅಡ್ಜಸ್ಟ್ ಆಗಬೇಕು ಅಥವಾ ಲೈನಿನಲ್ಲಿ ಗಾಳಿ ಇದೆ.

ಚಕ್ರದ ಒಳಬದಿ ಒದ್ದೆ ಕಂಡರೆ ಒರೆಸಿ, ಮುಟ್ಟಿ ನೋಡಿ. ತೆಳ್ಳಗಿದ್ದರೆ ಬ್ರೇಕ್ ಆಯಿಲ್; ಮಂದವಾಗಿ ಘಾಟು ವಾಸನೆ ಬಂದರೆ ಆಕ್ಸಲ್ ಸೀಲು ಹೋಗಿ ಗೇರ್ ಆಯಿಲ್ ಬರ್ತಾ ಇದೆ. ಎರಡೂ ಅಪಾಯವೇ. ಆಯಿಲ್ ಕುಡಿದ ಲೈನಿಂಗನ್ನು ತೊಳೆದು ಮತ್ತೆ ಹಾಕಬೇಡಿ, ಬದಲಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ತದೆ. ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸೋದು ಕ್ಷೇಮ.

2. ತಿರುಗುವುದು

ಒಬ್ಬರು ಸ್ಟೇರಿಂಗನ್ನು ಆ ಕಡೆ ಈ ಕಡೆ ಆಡಿಸಲಿ, ಇನ್ನೊಬ್ಬರು ಮುಂದಿನ ರಾಡುಗಳ ತುದಿಯ ಜಾಯಿಂಟುಗಳನ್ನು ನೋಡಲಿ. ರಾಡು ಅಲುಗಿದರೂ ಚಕ್ರ ತಿರುಗದಿದ್ದರೆ ಆ ಜಾಯಿಂಟು ಸವೆದಿದೆ. ಆಮೇಲೆ ಪ್ಲೇಟುಗಳಲ್ಲಿ ಮುರಿದದ್ದು ಇದೆಯಾ, ಯು ಬೋಲ್ಟು ಸಡಿಲ ಆಗಿದೆಯಾ ನೋಡಿ. ಜಾಕಿ ಒಂದನ್ನೇ ನಂಬಿ ಗಾಡಿಯ ಕೆಳಗೆ ಖಂಡಿತ ನುಗ್ಗಬೇಡಿ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಸ್ಟ್ಯಾಂಡು ಅಥವಾ ದಪ್ಪ ಮರದ ದಿಮ್ಮಿ ಇಟ್ಟೇ ಕೆಳಗೆ ಹೋಗಿ.

3. ಎಳೆಯುವುದು

ಮುಂದಿನ, ಹಿಂದಿನ ಹೌಸಿಂಗಿನ ಆಯಿಲ್ ಸ್ವಲ್ಪ ಇಳಿಸಿ ಬಣ್ಣ ನೋಡಿ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ. ನೀರು ಹೇಗೆ ಹೋಗ್ತದೆ ಅಂದ್ರೆ, ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿರುವ ಬ್ರೀದರ್ ಮಣ್ಣು ಕಟ್ಟಿದ್ದರೆ, ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ತದೆ. ಬ್ರೀದರ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಯೋದು ಹತ್ತು ನಿಮಿಷದ ಕೆಲಸ. ಕ್ರೌನು ಪಿನಿಯನ್ನು ಹೋದರೆ ಖರ್ಚು ಎಷ್ಟಂತ ಮೆಕ್ಯಾನಿಕ್‌ನ ಕೇಳಿ ನೋಡಿ. ನೀರು ಸೇರಿದ ಆಯಿಲ್ ಪೂರ್ತಿ ತೆಗೆದು, ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ನಂಬರಿನದ್ದೇ ತುಂಬಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ಗನ್ನಿನಲ್ಲಿ ಹೊಡೆಯುವಾಗ ಹಳೇ ಗ್ರೀಸು ಹೊರಗೆ ಬರೋವರೆಗೂ ಹೊಡೆಯಿರಿ. ಗೇರು ಬದಲಿಸುವಾಗ 'ಟಕ್' ಅಂತ ಶಬ್ದ ಬಂದರೆ ಮೊದಲು ನೋಡಬೇಕಾದ್ದು ಈ ಕ್ರಾಸುಗಳನ್ನೇ.

ಫೋರ್ ವೀಲ್ ಹಾಕುವ ರೀತಿ

ಕೆಸರು, ಸಡಿಲ ಮಣ್ಣು, ಒದ್ದೆ ಹುಲ್ಲು ಇದ್ದಲ್ಲಿ ಮಾತ್ರ ಹಾಕಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಶಾಫ್ಟು ಒಟ್ಟಿಗೆ ಬಿಗಿದುಕೊಳ್ತವೆ. ಒಣ ಟಾರು ರೋಡಿನಲ್ಲಿ ಚಕ್ರ ಜಾರೋದಕ್ಕೆ ಆಗದೆ ಆ ಒತ್ತಡವೆಲ್ಲ ಗೇರಿನ ಮೇಲೆ ಬೀಳ್ತದೆ. ಲಿವರು ಸಿಕ್ಕಿಕೊಂಡರೆ ಜಗ್ಗಬೇಡಿ. ನೇರವಾಗಿ ಸ್ವಲ್ಪ ಹಿಂದಕ್ಕೆ ತೆಗೆದರೆ ಸಾಮಾನ್ಯವಾಗಿ ಬಿಡ್ತದೆ. ನಾಲ್ಕೂ ಟಯರು ಒಂದೇ ಸೈಜು, ಹೆಚ್ಚು ಕಮ್ಮಿ ಒಂದೇ ಸವಕಳಿ ಇರಬೇಕು ಅನ್ನೋದೂ ಇದೇ ಕಾರಣಕ್ಕೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ತೋಟದ ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ, ಇಲ್ಲದಿದ್ದರೆ ಬೇಕಾದ ದಿನ ಲಿವರು ಕದಲೋದಿಲ್ಲ.

ರಿಪೇರಿಯಾ, ಮಾರಾಟವಾ?

ಕೆಸರು ತೊಳೆದು, ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಚಾಸಿಸ್ ತಟ್ಟುತ್ತಾ ಹೋಗಿ. ಖಣಖಣ ಅಂದರೆ ಗಟ್ಟಿ ಇದೆ. ಪ್ಲೇಟಿನ ಬ್ರಾಕೆಟ್, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಮಂಕು ಶಬ್ದ ಬಂದು ತುಕ್ಕು ಹಾಳೆಯಾಗಿ ಉದುರಿದರೆ ಒಳ್ಳೆಯ ಫ್ಯಾಬ್ರಿಕೇಟರಿಗೆ ತೋರಿಸದೆ ಇನ್ನೊಂದು ರೂಪಾಯಿ ಖರ್ಚು ಮಾಡಬೇಡಿ. ಸ್ವಂತದ ಗಾಡಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು, ಆ ದಿನಾಂಕವನ್ನೂ ಈಗಲೇ ನೋಡಿಕೊಳ್ಳಿ.

ಈ ವಾರ ಬೇರೇನೂ ಮಾಡಲು ಆಗದಿದ್ದರೆ ಇಷ್ಟಾದರೂ ಮಾಡಿ: ನಾಲ್ಕೂ ಚಕ್ರದ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಒದ್ದೆ ಇದ್ದರೆ ಮೂಟೆ ಹೇರೋದು ಆಮೇಲೆ, ಮೊದಲು ಬ್ರೇಕು.