ಆಬ್ಜೆಕ್ಟ್ ಫೈಲಿಗೆ ಹೋಗಿ ವಾಪಸ್ ಬರುವಾಗ

ನಮ್ಮ ಸಂಘದ ಪುಸ್ತಕದ ಕಪಾಟಿಗೆ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೀತೀವಿ ಅಂದ್ಕೊಳ್ಳಿ. ‘ಪುಸ್ತಕ’ ಅಂತ ಒಂದು ಡೇಟಾಕ್ಲಾಸ್, ಅದರೊಳಗೆ ಮೂರೇ ವಿಷಯ. ಹೆಸರು ಸ್ಟ್ರಿಂಗ್, ಕೊಟ್ಟ ದಿನ ಡೇಟ್, ದಿನದ ದಂಡ ಡೆಸಿಮಲ್. (ದಂಡಕ್ಕೆ ಫ್ಲೋಟ್ ಯಾಕೆ ಬೇಡ ಅಂದ್ರೆ, ಅದರಲ್ಲಿ 0.1 + 0.2 ಮಾಡಿದರೆ 0.30000000000000004 ಬರುತ್ತದೆ. ದುಡ್ಡಿನ ಲೆಕ್ಕಕ್ಕೆ ಇದು ಆಗಲ್ಲ.) ಪ್ರೋಗ್ರಾಂ ಮುಚ್ಚಿದ ಕೂಡಲೇ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ. ಹಾಗಾಗಿ ಫೈಲಿಗೆ ಬರೆದಿಡಬೇಕು, ಅದೂ ಮುಂದಿನ ವರ್ಷದ ಜೂನಿಯರ್ಸ್ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದೋಕೆ ಆಗುವ ಹಾಗೆ. ಈ ಕೆಲಸಕ್ಕೆ ಸೀರಿಯಲೈಸೇಷನ್ ಅಂತಾರೆ.

ಸಾಮಾನ್ಯವಾಗಿ ಎಲ್ಲರೂ ಬಳಸುವುದು ಜೇಸನ್. ಅದಕ್ಕೆ ಗೊತ್ತಿರುವುದು ಸ್ಟ್ರಿಂಗ್, ನಂಬರ್, ಟ್ರೂ-ಫಾಲ್ಸ್, ನಲ್, ಅರೇ, ಆಬ್ಜೆಕ್ಟ್ ಮಾತ್ರ. ಡೇಟ್ ಇಲ್ಲ, ಡೆಸಿಮಲ್ ಇಲ್ಲ, ನಮ್ಮ ‘ಪುಸ್ತಕ’ವಂತೂ ಇಲ್ಲವೇ ಇಲ್ಲ. ನೇರವಾಗಿ ಡಂಪ್ಸ್ ಫಂಕ್ಷನ್‌ಗೆ ಕೊಟ್ಟರೆ ಟೈಪ್ ಎರರ್ ಬರುತ್ತದೆ. ಕ್ಲಾಸನ್ನು ‘ಆಸ್‌ಡಿಕ್ಟ್’ನಿಂದ ಡಿಕ್ಷನರಿ ಮಾಡಿ ಕೊಟ್ಟರೂ ಒಳಗಿನ ಡೇಟ್ ಹತ್ತಿರ ಮತ್ತೆ ಅದೇ ಎರರ್.

ಇಲ್ಲಿ ಗೂಗಲ್ ಮಾಡಿದರೆ ಮೊದಲು ಸಿಗುವ ಉಪಾಯ ಒಂದಿದೆ: ಡಂಪ್ಸ್‌ನ ‘ಡಿಫಾಲ್ಟ್’ ಆರ್ಗ್ಯುಮೆಂಟ್‌ಗೆ ‘ಎಸ್‌ಟಿಆರ್’ ಕೊಟ್ಟುಬಿಡಿ ಅಂತ. ಅಂದ್ರೆ ಜೇಸನ್‌ಗೆ ಗೊತ್ತಿಲ್ಲದ್ದೆಲ್ಲ ಸ್ಟ್ರಿಂಗ್ ಆಗಲಿ. ಎರರ್ ಹೋಗುತ್ತದೆ, ಫೈಲೂ ಚೆನ್ನಾಗಿ ಕಾಣುತ್ತದೆ. ನಿಜವಾದ ತೊಂದರೆ ಶುರುವಾಗುವುದು ಓದುವಾಗ. ಐದು ರೂಪಾಯಿ ದಂಡ ಈಗ "5" ಅನ್ನೋ ಸ್ಟ್ರಿಂಗ್. ಒಬ್ಬರು ಪುಸ್ತಕವನ್ನು ಮೂರು ದಿನ ತಡವಾಗಿ ತಂದರು ಅಂತ "5" * 3 ಮಾಡಿದರೆ ಪೈಥಾನ್ ಬೈಯುವುದಿಲ್ಲ, ಆ ಸ್ಟ್ರಿಂಗನ್ನೇ ಮೂರು ಸಲ ಬರೆದು ಕೊಡುತ್ತದೆ: "555". ಹದಿನೈದು ರೂಪಾಯಿ ಕೊಡಬೇಕಾದವರಿಗೆ ಐನೂರ ಐವತ್ತೈದರ ಚೀಟಿ! ಎರರ್ ಬಂದಿದ್ದರೇ ಎಷ್ಟೋ ವಾಸಿ.

ಹಾಗಾಗಿ ಎರಡು ಫಂಕ್ಷನ್ ನಾವೇ ಬರೆಯೋಣ, ಹೋಗುವಾಗ ಒಂದು, ಬರುವಾಗ ಒಂದು. ಹೋಗುವಾಗಿನದು ‘ಪುಸ್ತಕ’ ಸಿಕ್ಕರೆ ಇಂಥ ಡಿಕ್ಷನರಿ ಕೊಡಬೇಕು:

{"ವಿಧ": "ಪುಸ್ತಕ", "ಹೆಸರು": "ಹಳೆಗನ್ನಡ ವ್ಯಾಕರಣ", "ಕೊಟ್ಟ_ದಿನ": "2025-01-06", "ದಂಡ_ಪೈಸೆ": 500}

ದಿನವನ್ನು ‘ಐಸೊಫಾರ್ಮ್ಯಾಟ್’ನಿಂದ ವರ್ಷ-ತಿಂಗಳು-ದಿನ ಅಂತ ಬರೆದಿದ್ದೇವೆ. ನಮ್ಮ ಅಭ್ಯಾಸದಂತೆ ದಿನ ಮೊದಲು ಬರೆದರೆ "05-02-2025" ಅನ್ನುವುದು "06-01-2025"ಕ್ಕಿಂತ ಮುಂಚೆ ಸಾರ್ಟ್ ಆಗುತ್ತದೆ, ಫೆಬ್ರವರಿ ಆದ ಮೇಲೆ ಜನವರಿ. ದಂಡವನ್ನು ಪೈಸೆ ಮಾಡಿದ್ದರಿಂದ ಅದು ಪೂರ್ಣಾಂಕ, ದಶಮಾಂಶದ ಗಲಾಟೆಯೇ ಇಲ್ಲ.

ಮುಖ್ಯವಾದದ್ದು "ವಿಧ". ಅದಿಲ್ಲದಿದ್ದರೆ ಓದುವ ಫಂಕ್ಷನ್‌ಗೆ ಇದು ಪುಸ್ತಕವೋ, ಸದಸ್ಯರೋ ಅಂತ ಗೊತ್ತಾಗಲ್ಲ. ಓದುವಾಗ ಲೋಡ್ಸ್‌ನ ‘ಆಬ್ಜೆಕ್ಟ್ ಹುಕ್’ಗೆ ನಮ್ಮ ಎರಡನೇ ಫಂಕ್ಷನ್ ಕೊಡಬೇಕು. ಜೇಸನ್‌ನಲ್ಲಿ ಸಿಗುವ ಪ್ರತಿಯೊಂದು ಆಬ್ಜೆಕ್ಟ್‌ಗೂ ಅದು ಕರೆಯಲ್ಪಡುತ್ತದೆ, ಒಳಗಿನದ್ದು ಮೊದಲು, ಹೊರಗಿನದ್ದು ಆಮೇಲೆ. "ವಿಧ" ಪುಸ್ತಕ ಆಗಿದ್ದರೆ ದಿನವನ್ನು ‘ಫ್ರಮ್‌ಐಸೊಫಾರ್ಮ್ಯಾಟ್’ನಿಂದ ಡೇಟ್ ಮಾಡಿ, ಪೈಸೆಯನ್ನು ಡೆಸಿಮಲ್ ಮಾಡಿ ನೂರರಿಂದ ಭಾಗಿಸಿ, ಪುಸ್ತಕ ಕಟ್ಟಿ ಕೊಡಿ. ಆಗದಿದ್ದರೆ ಬಂದ ಡಿಕ್ಷನರಿಯನ್ನು ಹಾಗೇ ವಾಪಸ್ ಕೊಡಿ. ಈ ಕೊನೇ ಸಾಲು ಬಿಟ್ಟರೆ ಮಿಕ್ಕ ಡಿಕ್ಷನರಿಗಳೆಲ್ಲ ನನ್ ಆಗಿಬಿಡುತ್ತವೆ.

ಇಷ್ಟಾದರೂ ಸದ್ದಿಲ್ಲದೆ ಬದಲಾಗುವ ಕೆಲವು ಇವೆ. ಟ್ಯೂಪಲ್ ಹೋದರೆ ಲಿಸ್ಟ್ ಬರುತ್ತದೆ. ಡಿಕ್ಷನರಿಯ ಕೀ 12 ಆಗಿದ್ದರೆ "12" ಆಗಿ ಬರುತ್ತದೆ, ಆಮೇಲೆ ರೋಲ್ ನಂಬರ್ 12 ಅಂತ ಹುಡುಕಿದರೆ ಕೀ ಎರರ್. ಇವನ್ನು ‘ಡಿಫಾಲ್ಟ್’ ಹಿಡಿಯಲ್ಲ, ಯಾಕೆಂದರೆ ಜೇಸನ್‌ಗೆ ಗೊತ್ತಿಲ್ಲದ್ದು ಬಂದಾಗ ಮಾತ್ರ ಅದನ್ನು ಕರೆಯೋದು. ಪತ್ತೆಗೆ ಸುಲಭ ದಾರಿ: ಬರೆದು, ತಿರುಗಿ ಓದಿ, ಮೊದಲಿನದಕ್ಕೆ == ಇದೆಯಾ ನೋಡುವ ಒಂದು ಟೆಸ್ಟ್. ಡೇಟಾಕ್ಲಾಸ್‌ನಲ್ಲಿ == ತಾನಾಗಿಯೇ ಬರುತ್ತದೆ.

ಪಿಕಲ್ ಬಳಸಿದರೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಅದರ ಫೈಲನ್ನು ಮನುಷ್ಯರು ಓದೋಕಾಗಲ್ಲ, ಮತ್ತೆ ಬೇರೆಯವರು ಕೊಟ್ಟ ಪಿಕಲ್ ಫೈಲ್ ತೆರೆದರೆ ಅದರೊಳಗಿನ ಕೋಡ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಬಹುದು. ನನಗಂತೂ ಬೇಡ.

ಇನ್ನು ಕನ್ನಡದ ವಿಷಯ. ‘ಕನ್ನಡ’ ಅನ್ನುವ ಪದ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ನಲ್ಲಿ ಐದು: ಕ, ನ, ವಿರಾಮ ಚಿಹ್ನೆ, ನ, ಡ. ಪೈಥಾನ್‌ನ ಜೇಸನ್ ಸುಮ್ಮನೆ ಬಿಟ್ಟರೆ ಪ್ರತಿಯೊಂದನ್ನೂ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಹೆಕ್ಸ್ ಅಂಕಿ ಅಂತ ಬರೆಯುತ್ತದೆ. ಒಟ್ಟು 30 ಕ್ಯಾರೆಕ್ಟರ್. ಡೇಟಾ ಹಾಳಾಗಿಲ್ಲ, ತಿರುಗಿ ಓದಿದರೆ ಕನ್ನಡವೇ ಬರುತ್ತದೆ, ಆದರೆ ನೋಟ್‌ಪ್ಯಾಡ್‌ನಲ್ಲಿ ತೆರೆದ ಜೂನಿಯರ್‌ಗೆ ಏನೂ ತಿಳಿಯಲ್ಲ. ‘ಎನ್‌ಶೂರ್ ಆಸ್ಕಿ’ಯನ್ನು ಫಾಲ್ಸ್ ಮಾಡಿ, ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಡಿ. ವಿಂಡೋಸ್‌ನಲ್ಲಿ ಎರಡನೆಯದನ್ನು ಬಿಟ್ಟರೆ ಬರೆಯುವಾಗಲೇ ಎನ್‌ಕೋಡ್ ಎರರ್ ಬರಬಹುದು.