ದೊಡ್ಡ ಕಾರ್ಯದಿಂದ ದಿನನಿತ್ಯದ ಪಾಠಗಳು

ನಾಯಕತ್ವವೆಂದರೆ ಎತ್ತರದ ಪೀಠವೆಂದೂ, ಪರರಿಗೆ ಅಪ್ಪಣೆ ಮಾಡುವ ಅಧಿಕಾರವೆಂದೂ ಅನೇಕರು ಭಾವಿಸುವುದುಂಟು. ವಿಚಾರಿಸಿ ನೋಡಿದರೆ, ಹಿಡಿದ ಕಾರ್ಯವು ಯಾರಿಗಾಗಿ ನಡೆಯಬೇಕೋ ಅವರ ಕೈಗೆ ಅದರ ಫಲವು ಮುಟ್ಟುವವರೆಗೂ ದಾರಿಯನ್ನು ಸುಗಮಗೊಳಿಸುವುದೇ ನಾಯಕತ್ವವು. ಇದಕ್ಕೆ ನಿದರ್ಶನವನ್ನು ದೂರದೇಶಗಳಲ್ಲಿ ಹುಡುಕಬೇಕಾದುದಿಲ್ಲ. ನಮ್ಮ ಹುಣಸೂರು ತಾಲ್ಲೂಕಿನಲ್ಲಿಯೇ ಉಂಟು.

ಕಲ್ಲಹಳ್ಳಿಯ ದೇವರಾಜ ಅರಸು ಅವರು (1915–1982) ಓದು ಮುಗಿಸಿದ ಮೇಲೆ ಊರಿಗೆ ಮರಳಿ ವ್ಯವಸಾಯವನ್ನು ಕೈಕೊಂಡರು. 1941ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು, 1972ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಕಾಲದ ಭೂಸುಧಾರಣೆಯಿಂದ ನಾವು ಕಲಿಯತಕ್ಕ ಪಾಠಗಳು ನಾಲ್ಕು.

ಮೊದಲನೆಯದು, ಕೆಲಸವನ್ನು ಬಲ್ಲವರಾಗುವುದು. ಮಣ್ಣಿನ ಕಷ್ಟವನ್ನು ಕೈಯಾರೆ ಅರಿತವನಿಗೆ ರೈತನ ಮಾತು ಬೇಗನೆ ತಿಳಿಯುತ್ತದೆ.

ಎರಡನೆಯದು, ಕೆಲಸವು ನಿಂತುಹೋದ ಸ್ಥಳವನ್ನು ಹುಡುಕುವುದು. ಗೇಣಿದಾರರ ರಕ್ಷಣೆಗೆ 1961ರಲ್ಲಿಯೇ ಕಾನೂನು ಹುಟ್ಟಿದ್ದಿತು. ಆದರೆ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಎಡೆಯಿದ್ದಿತು. ತಿದ್ದುಪಡಿಯು ಆ ಎಡೆಯನ್ನು ಮುಚ್ಚಿತು; ಕೆಲವು ವಿನಾಯಿತಿಗಳ ಹೊರತು ಗೇಣಿಯ ಭೂಮಿಯೆಲ್ಲವೂ 1974ರ ಮಾರ್ಚ್ 1ರಂದು ಸರ್ಕಾರದ ವಶಕ್ಕೆ ಬಂದಿತು. ಉಳುವವನು ಅರ್ಜಿ ಹಾಕಿ ಅದರ ಒಡೆತನವನ್ನು ಪಡೆಯಬಹುದಾಯಿತು.

ಮೂರನೆಯದು, ಹೊಣೆಯನ್ನು ಹಂಚುವುದು. ರಾಜಧಾನಿಯಲ್ಲಿ ಕುಳಿತು ಎಲ್ಲವನ್ನೂ ತೀರ್ಮಾನಿಸಲು ಯಾರಿಂದಲೂ ಆಗದು. ಆದುದರಿಂದ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಜೊತೆಗೆ ನಾಮಕರಣಗೊಂಡ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕೆಂಬ ನಿಯಮವಿದ್ದಿತು. ವಕೀಲರಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ. ಬಡ ಗೇಣಿದಾರನು ತನ್ನ ಮಾತನ್ನು ತಾನೇ ಆಡಬಹುದಾಗಿದ್ದಿತು.

ನಾಲ್ಕನೆಯದು, ಕಾಲವನ್ನು ಮೀರದಿರುವುದು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಗಡುವಿನೊಳಗೆ ಸಲ್ಲಿಸಲೇಬೇಕಾಗಿದ್ದಿತು. ಅಕ್ಷರ ಬಲ್ಲವರೊಬ್ಬರೂ ಇಲ್ಲದ ಮನೆಗೆ ಇದೆಷ್ಟು ಕಠಿಣವೆಂಬುದನ್ನು ಊಹಿಸಿರಿ. ಅಂಥ ಮನೆಯಲ್ಲಿ ಅರ್ಜಿಯನ್ನು ಓದಿ, ತುಂಬಿ, ದಿನ ತಪ್ಪದೆ ಸಲ್ಲಿಸಿಕೊಡುವ ಹುಡುಗಿಯೊಬ್ಬಳಿದ್ದರೆ, ಮಂತ್ರಿಗಳು ಆರಂಭಿಸಿದ ಕಾರ್ಯವನ್ನು ಕೊನೆಮುಟ್ಟಿಸುವವಳು ಅವಳೇ ಅಲ್ಲವೇ?

ಈ ಸುಧಾರಣೆಯು ಪರಿಪೂರ್ಣವಾಗಿತ್ತೆಂದು ಹೇಳಲಾಗದು. ಗೇಣಿಯ ಭೂಮಿಯೂ ಇಲ್ಲದೆ ಕೂಲಿಯಿಂದಲೇ ಜೀವಿಸುತ್ತಿದ್ದವರಿಗೆ ಇದರಿಂದ ದೊರೆತುದು ಅಲ್ಪವೇ. ಒಳ್ಳೆಯ ಕೆಲಸವನ್ನು ಮುಗಿಸಿದ ಮೇಲೂ, ಯಾರು ಹೊರಗುಳಿದರೆಂದು ಕೇಳುವುದು ನಾಯಕರಾದವರ ಧರ್ಮ.

ವಿದ್ಯಾರ್ಥಿನಿಯರೇ, ನಾಳೆ ನೀವು ಶಾಲೆಯಲ್ಲೋ, ಆಸ್ಪತ್ರೆಯಲ್ಲೋ, ಕಚೇರಿಯಲ್ಲೋ ಕೆಲಸಕ್ಕೆ ನಿಲ್ಲುವಿರಿ. ಪೀಠವು ದೊರೆಯುವವರೆಗೆ ಕಾಯಬೇಡಿರಿ. ನಿಮ್ಮ ಮೇಜಿನ ಮುಂದೆ ಅಂಜುತ್ತ ನಿಂತವರ ಮಾತನ್ನು ಪೂರ್ತಿಯಾಗಿ ಕೇಳಿರಿ. ಅವರ ಕೆಲಸವು ಎಲ್ಲಿ ನಿಂತಿದೆಯೆಂದು ತಿಳಿಯಿರಿ. ಇಂದು ಆಗತಕ್ಕದ್ದನ್ನು ಇಂದೇ ಮಾಡಿರಿ. ಅವರು ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದರಲ್ಲಿಯೇ ನಿಮ್ಮ ವಿದ್ಯೆಗೆ ಸಾರ್ಥಕತೆಯುಂಟು.